ಅತ್ತೆ ಅಮೆರಿಕವನ್ನು ವಿಚಾರಿಸಿಕೊಂಡದ್ದು

ನಮ್ಮ ಅತ್ತೆ ಅಮೆರಿಕದ ಜೊತೆ ಮಾತು ಬಿಟ್ಟಿದ್ದರು. ಅಮೆರಿಕಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ!

ಅಪ್ಪನ ಅಕ್ಕನಾದ ಇವರು ಗಂಗೊಳ್ಳಿಯ ಶೆಡ್ಡೊಂದರಲ್ಲಿ ಸಿಗಡಿ ಸುಲಿಯುವವರು. ಸುಲಿದ ಸಿಗಡಿ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತದೆ. ಆ ದೇಶ ನಮ್ಮ ಸರಕಿನ ಮೇಲೆ ಸುಂಕ ಏರಿಸಿದ್ದೇ ತಡ, ಶೆಡ್ಡಿನ ಕೆಲಸ ವಾರಕ್ಕೆ ಎರಡು ದಿನಕ್ಕಿಳಿಯಿತು. ಉಳಿದ ಹೆಂಗಸರು ಧಣಿಯನ್ನು ಬೈದು ಸುಮ್ಮನಾದರು. ಅತ್ತೆ ಸುಮ್ಮನಾಗುವ ಪೈಕಿಯೇ?

"ಅಲ್ಲಿಯೂ ಜನ ಓಟ್ ಹಾಕುದಲ್ದಾ? ಹಾಂಗಾರೆ ಹಾಕ್ದರ್ ಒಬ್ರನ್ನಾರೂ ಹಿಡ್ದ್ ಕೇಣ್ಕ್!"

ಹಿಡಿಯುವುದೆಲ್ಲಿ? ಹೊರದೇಶದ ಪ್ರವಾಸಿಗರು ಬಂದಿಳಿಯುವ ಮರವಂತೆಯ ಕಡಲ ದಂಡೆಯಲ್ಲಿ! ಅತ್ತೆ ಅಲ್ಲಿ ಕಾವಲು ಕೂತರು. ಇಂಗ್ಲಿಷ್ ಮೇಷ್ಟ್ರಾದ ತಪ್ಪಿಗೆ ಭಾನುವಾರಗಳಲ್ಲಿ ನಾನು ದುಭಾಷಿ.

ಮೊದಲು ಸಿಕ್ಕಿಬಿದ್ದವನು ಕೆಂಪು ಮೂಗಿನ ಆಜಾನುಬಾಹು. ಹತ್ತು ನಿಮಿಷ ತರಾಟೆಗೆ ತೆಗೆದುಕೊಂಡ ಮೇಲೆ ಗೊತ್ತಾಯಿತು, ಜರ್ಮನಿಯವನು! ಪಾಪ, ಬೇಸರಿಸಲಿಲ್ಲ. "ಅಮೆರಿಕದವರು ಸಿಕ್ಕರೆ ನಿಮ್ಮತ್ತೆ ನಮ್ಮ ಕಾರುಗಳ ಸುಂಕದ ಬಗ್ಗೆಯೂ ಒಂದು ಮಾತು ಹೇಳಲಿ," ಎಂದ. ಮುಂದಿನ ವಾರ ಸಿಕ್ಕವಳು ಕೆನಡಾದವಳು. "ಅಮೆರಿಕದವರಾ?" ಎಂದದ್ದಕ್ಕೇ ಮುಖ ಊದಿಸಿದಳು!

"ಈ ಅಮೆರಿಕದರನ್ನ್ ಕಂಡ್ರೆ ಯಾರಿಗೂ ಆಪುದಿಲ್ಲ ಕಾಣ್," ಎಂದರು ಅತ್ತೆ, ಒಳಗೊಳಗೇ ಖುಷಿಯಾಗಿ.

ಮೂರನೆಯ ಭಾನುವಾರ ಅಸಲಿ ಮಾಲು ಸಿಕ್ಕಿತು. ಒಬ್ಬಳೇ ಕೂತಿದ್ದ, ತಲೆಯೆಲ್ಲ ನೆರೆತ ಅಮೆರಿಕದ ಹೆಂಗಸು.

"ಹ್ವಾಯ್ ಅಕ್ಕಾ, ನಿಮ್ಮೂರರ್ ಎಂತಕ್ ಹೀಂಗ್ ಮಾಡುದ್? ನಮ್ಮ್ ಕೆಲ್ಸ ಹೋಯ್ತಲೆ!"

ನಾನು ಸುಂಕ, ಸಿಗಡಿ, ಶೆಡ್ಡು ಎಲ್ಲ ಸೇರಿಸಿ ಇಂಗ್ಲಿಷಿಗೆ ತಿರುಗಿಸಿದೆ. ಆಕೆ ನಗಲಿಲ್ಲ. "ನಾನೂ ಓಟು ಹಾಕಿದವಳೇ," ಎಂದಳು. "ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ."

ಅತ್ತೆ ಆಕೆಯ ಪಕ್ಕದಲ್ಲೇ ಮರಳ ಮೇಲೆ ಕೂತರು. "ಇಲ್ಲಿ ನಮ್ಮನ್ನಾರೂ ಯಾರ್ ಕೇಂತ್ರ್?"

ಆಕೆ ಅತ್ತೆಯ ಕೈ ಹಿಡಿದು ನೋಡಿದಳು. ಬೆರಳ ತುದಿಯೆಲ್ಲ ಬಿಳಿಚಿ, ಗೀರು ಗೀರು. "ಎಷ್ಟೋ ಸಲ ಸಿಗಡಿ ತಿಂದಿದ್ದೇನೆ. ಸುಲಿದವರು ಯಾರೆಂದು ಒಮ್ಮೆಯೂ ಯೋಚಿಸಿಲ್ಲ," ಎಂದಳು.

"ಬಿಡಿ, ಮೀನ್ ವಾಸ್ನಿ ಬತ್ತ್," ಎಂದು ಅತ್ತೆ ಕೈ ಹಿಂದಕ್ಕೆಳೆದರು. ಆಕೆ ಬಿಡಲಿಲ್ಲ.

"ಉಂಡದ್ದಾ ಕೇಣ್," ಎಂದರು ಅತ್ತೆ ನನಗೆ. ಉಂಡಿರಲಿಲ್ಲ. "ಹಾಂಗಾರೆ ನಮ್ಮನಿಗ್ ಬಂದ್ ಉಂಡ್ಕಂಡೇ ಹೋಯ್ಕ್!"

ಶೆಡ್ಡಿನ ಕೆಲಸ ಈಗಲೂ ಎರಡೇ ದಿನ. ಆದರೆ ಅಂದು ಹೆದ್ದಾರಿ ದಾಟುವಾಗ ಲಾರಿಗಳ ಅಬ್ಬರಕ್ಕೆ ಆಕೆ ಬೆದರಿ ನಿಂತಾಗ, ಅತ್ತೆ ಅವಳ ಕೈಯನ್ನು ಬಿಗಿಯಾಗಿ ಹಿಡಿದು ದಾಟಿಸಿದರು. ಆಚೆ ಬದಿ ಮುಟ್ಟಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ.