ಸ್ಟಿಕ್ಕರ್ ಕೀಳದ ಶೂ

ನಮ್ಮದು ಸ್ಟಿಕ್ಕರ್ ಕೀಳದ ಮನೆ. ಹೀಗೆಂದರೆ ನಿಮಗೆ ಅರ್ಥವಾಗದೇ ಇರಬಹುದು. ನಿಮ್ಮ ಮನೆಯೂ ಹಾಗೇ ಇದ್ದರೆ ತಕ್ಷಣ ಅರ್ಥವಾಗಿರುತ್ತದೆ. ಫ್ರಿಜ್ಜು ಬಂದು ಎಷ್ಟೋ ವರ್ಷವಾದರೂ ಅದರ ಬಾಗಿಲಿನ ಮೇಲೆ ಕಂಪನಿಯವರು ಅಂಟಿಸಿದ, ಕರೆಂಟು ಉಳಿತಾಯದ ನಕ್ಷತ್ರಗಳ ಚೀಟಿ ಹಾಗೇ ಇದೆ. ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರು ಜಾರದಿರಲೆಂದು ಮೇಲೊಂದು ರಬ್ಬರ್ ಬ್ಯಾಂಡು. ಸೋಫಾದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಬಂದ ನೆಂಟರು ಏಳುವಾಗ ಪರ್ರೆಂದು ಸದ್ದಾಗಿ, ಅವರಿಗೂ ನಮಗೂ ಮುಜುಗರವಾಗುತ್ತದೆ. "ಕಿತ್ತು ಬಿಸಾಡಿ ಅಂದ್ರೆ" ಎಂದರೆ ನಮ್ಮ ಯಜಮಾನರು, "ಇರ್ಲಿ ಬಿಡೇ, ಯಾವತ್ತಾದ್ರೂ ಮಾರೋದಾದ್ರೆ ಹೊಸದರ ಥರ ಕಾಣುತ್ತೆ" ಎನ್ನುತ್ತಾರೆ. ನಾವು ಈ ಮನೆಯಿಂದ ಇದುವರೆಗೆ ಮಾರಿರುವುದು ಹಳೇ ಪೇಪರು ಮಾತ್ರ. ಆದರೂ ಅವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮದುವೆಯಾದ ಹೊಸತರಲ್ಲಿ ಬೈಯುತ್ತಿದ್ದವಳು ಈಗ ನಾನೇ ಹೊಸ ಕುಕ್ಕರಿನ ಹಿಡಿಯ ಚೀಟಿ ಉದುರದ ಹಾಗೆ ಸುತ್ತಲೂ ತೊಳೆಯುತ್ತೇನೆ.

ಮನೆಯಲ್ಲಿ ಈ ರೋಗ ತಗಲದವರೆಂದರೆ ಎಪ್ಪತ್ತು ದಾಟಿದ ನಮ್ಮ ಅತ್ತೆ. ಅವರು ಹೊಸ ಸೀರೆ ಬಂದ ದಿನವೇ ಉಟ್ಟು, ಅದರ ಮೇಲೆ ಒಂದಿಷ್ಟು ಸಾರು ಚೆಲ್ಲಿಕೊಂಡು, "ಸದ್ಯ, ಇನ್ನು ಭಯ ಇಲ್ಲ" ಎಂದು ನಿರಾಳವಾಗುವ ಹೆಂಗಸು. ತಾಯಿಯ ಈ ಗುಣ ಮಗನಿಗೆ ಯಾಕೆ ಬರಲಿಲ್ಲವೋ ಆ ದೇವರೇ ಬಲ್ಲ.

ವಿಷಯಕ್ಕೆ ಬರುತ್ತೇನೆ. ಮಗಳು ಮೇಘನಾ ಹುಟ್ಟುವ ಮೊದಲು ನಾನು ರಾಜಾಜಿನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅವಳು ಪಿಯುಸಿಗೆ ಬಂದ ಮೇಲೆ ಮತ್ತೆ ಹೋಗೋಣವೆನ್ನಿಸಿತು. ಯಾರಿಗೂ ಹೆಚ್ಚು ಹೇಳದೆ ಅಲ್ಲಿ ಇಲ್ಲಿ ಅರ್ಜಿ ಹಾಕಿದೆ. ಕೆಂಗೇರಿ ಉಪನಗರದ ಆಚೆಯ ಒಂದು ಶಾಲೆಯಿಂದ, ಆಫೀಸು ನೋಡಿಕೊಳ್ಳುವ ಕೆಲಸಕ್ಕೆ ಇಂಟರ್‌ವ್ಯೂ ಎಂದು ಫೋನು ಬಂತು. ಫೋನು ಮಾಡಿದ ಹುಡುಗಿ ಕೊನೆಯಲ್ಲಿ, "ಫಾರ್ಮಲ್ ಡ್ರೆಸ್ ಮ್ಯಾಮ್. ಕ್ಲೋಸ್ಡ್ ಶೂಸ್ ಕಂಪಲ್ಸರಿ" ಎಂದಳು. ನಾನು "ಶೂರ್, ಶೂರ್" ಎಂದು ಫೋನಿಟ್ಟು, ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಗಳ ಕಡೆ ನೋಡಿದೆ. ಹೈಸ್ಕೂಲಿನ ಬಿಳಿ ಕ್ಯಾನ್‌ವಾಸ್ ಬಿಟ್ಟ ಮೇಲೆ ನನ್ನ ಪಾದಗಳು ಮುಚ್ಚಿದ್ದೇ ಇಲ್ಲ.

ನನಗೆ ಆ ಕೆಲಸ ಬೇಕಾಗಿತ್ತು. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಬೇಕಾಗಿತ್ತು. ಬೆಳಿಗ್ಗೆ ಎಂಟೂವರೆಗೆ ಅಪ್ಪ ಮಗಳ ಡಬ್ಬಿ ಮಾತ್ರ ಕಟ್ಟುವ ಬದಲು ನನ್ನದೂ ಒಂದು ಡಬ್ಬಿ ಕಟ್ಟಿಕೊಂಡು ಹೊರಡಬೇಕು, ಯಾರಾದರೂ ನನ್ನನ್ನು ಮೇಘನಾಳ ಅಮ್ಮ ಎನ್ನದೆ ಹೆಸರು ಹಿಡಿದು ಕರೆಯಬೇಕು ಎಂದೆಲ್ಲ ಆಸೆ. ಹೊರಗೆ ಮಾತ್ರ, "ಸಿಕ್ಕಿದ್ರೆ ಸಿಗ್ಲಿ, ಇಲ್ದಿದ್ರೆ ಇಲ್ಲ. ಮನೇಲೇನು ಊಟಕ್ಕಿಲ್ವಾ?" ಎನ್ನುತ್ತಿದ್ದೆ.

ಆ ಮಾತನ್ನು ಮನೆಯವರು ನಿಜವೆಂದು ನಂಬಿಬಿಟ್ಟರು. ಅಂದು ಸಂಜೆ ಉಪ್ಪಿಟ್ಟು ತಿನ್ನುತ್ತಾ ಶೂ ಬಜೆಟ್ ಮಂಡನೆಯಾಯಿತು. ಯಜಮಾನರು ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವರು. ಯಾವ ಖರ್ಚನ್ನೂ ಅದು ದಂಡವಾದರೆ ಎಷ್ಟು ನಷ್ಟ ಎಂಬ ಕಡೆಯಿಂದಲೇ ನೋಡುವುದು ಅವರ ಅಭ್ಯಾಸ. "ಕೆಲಸ ಸಿಗ್ಲಿಲ್ಲ ಅಂತಿಟ್ಕೋ. ಆಮೇಲೆ ಆ ಶೂನ ಏನ್ ಮಾಡ್ತೀಯ?" ಎಂದರು. ಮೇಘನಾ, "ಬ್ಲ್ಯಾಕ್ ತಗೊಳ್ಳಮ್ಮ, ನಿಂಗೆ ಸಿಗ್ಲಿಲ್ಲ ಅಂದ್ರೆ ನಾನು ವೈವಾಗೆ ಹಾಕ್ಕೋತೀನಿ" ಎಂದಳು. "ಹಾಗಾದ್ರೆ ಮೇಘನಾ ಸೈಜೇ ತಗೊಂಡ್ಬಿಡೋಣ, ವೇಸ್ಟಾಗಲ್ಲ" ಎಂದು ಯಜಮಾನರು ಒಂದು ಹೆಜ್ಜೆ ಮುಂದೆ ಹೋದರು. ಇಂಟರ್‌ವ್ಯೂ ನನ್ನದು, ಕಾಲು ನನ್ನದು, ಶೂ ಮಾತ್ರ ಮಗಳ ಅಳತೆಯದ್ದು! ನಾನು ರೇಗಬೇಕಾಗಿತ್ತು. ಅದರ ಬದಲು, "ಸಾವಿರ ರೂಪಾಯಿಗಿಂತ ಮೇಲೆ ಬೇಡಪ್ಪ" ಎಂದು ಬಜೆಟ್ಟಿಗೆ ನಾನೇ ಮೊಹರು ಒತ್ತಿದೆ. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಬೀಟ್ರೂಟ್ ಹೆಚ್ಚುವುದನ್ನು ನಿಲ್ಲಿಸಿ ನಮ್ಮ ಮೂವರನ್ನೂ ಒಮ್ಮೆ ನೋಡಿ, ಮತ್ತೆ ಹೆಚ್ಚತೊಡಗಿದರು.

ಭಾನುವಾರ ರಾಜಾಜಿನಗರದ ಒಂದು ದೊಡ್ಡ ಶೂ ಅಂಗಡಿಗೆ ಹೋದೆವು. ಅತ್ತೆ ಕರೆಯದೆಯೇ ಹೊರಟು ಆಟೋದಲ್ಲಿ ಮೊದಲು ಕುಳಿತಿದ್ದರು. ಅಂಗಡಿಯ ಸೇಲ್ಸ್‌ಮನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವಾಕಿಂಗಾ ಆಂಟಿ? ಶುಗರ್ರಾ?" ಎಂದ. ಇಂಟರ್‌ವ್ಯೂ ಎಂದೆ. "ಓ, ಮಗಳಿಗಾ?" ಎಂದ. ನನಗೇ ಎಂದಾಗ ಪಾಪ, ಅವನಿಗೇ ಗಾಬರಿಯಾಗಿ ಒಟ್ಟಿಗೇ ಐದಾರು ಡಬ್ಬ ತಂದು ಹರಡಿದ.

ಮೊದಲ ಜೋಡಿ ಹಾಕಿಕೊಂಡ ಕೂಡಲೇ ಜೀವ ಹೋಯಿತು. ಕಾರಣ ಶೂ ಅಲ್ಲ, ಕಾಲುಂಗುರ. ಚೂಪು ಮೂತಿಯ ಶೂ ಒಳಗೆ ಬೆಳ್ಳಿಯ ಉಂಗುರ ಪಕ್ಕದ ಬೆರಳನ್ನು ಒತ್ತಿ ಹಿಡಿದು ಕಣ್ಣಲ್ಲಿ ನೀರು ತರಿಸಿತು. ಶೂ ತಯಾರಿಸುವವರಿಗೆ ಈ ದೇಶದಲ್ಲಿ ಹೆಂಗಸರಿಗೆ ಮದುವೆಯಾಗುತ್ತದೆ ಎಂಬುದು ಗೊತ್ತಿಲ್ಲವೆಂದು ಕಾಣುತ್ತದೆ. ಸೇಲ್ಸ್‌ಮನ್, "ರಿಂಗ್ ತೆಗ್ದುಬಿಡಿ ಆಂಟಿ. ಒಂದು ದಿನಕ್ ತಾನೆ?" ಎಂದ. ಅಲ್ಲಿಯವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದ ಅತ್ತೆ, "ಒಂದು ದಿನಕ್ಕೆ ಅಂತ ನಿಂಗ್ಯಾರಪ್ಪ ಹೇಳಿದ್ದು? ಅವಳು ಉಂಗುರ ತೆಗೆಯೋದು ಬೇಡ. ನೀನು ದೊಡ್ಡ ಶೂ ತೆಗಿ" ಎಂದು ಗದರಿದರು. ಉಂಗುರದ ಶಾಸ್ತ್ರಕ್ಕೆ ಹಾಗೆಂದರು ಅಂತಲೇ ನಾನು ಆಗ ತಿಳಿದೆ. ಒಂದು ಸೈಜು ದೊಡ್ಡದು ಬಂತು. ಮೂತಿ ಅಗಲ, ಒಳಗೆ ಮೆತ್ತಗೆ, ನಡೆದರೆ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಮೊಣಕಾಲಿನ ಕೆಳಗೆ ನಾನು ಯಾವುದೋ ಬ್ಯಾಂಕಿನ ಮ್ಯಾನೇಜರ್ ಹಾಗಿದ್ದೆ. ಬೆಲೆ ನೋಡಿದರೆ ಮೂರು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ.

ನಾನು ಶೂ ಬಿಚ್ಚತೊಡಗಿದೆ. ಅಷ್ಟರಲ್ಲಿ ಗಲ್ಲಾದ ಕಡೆಯಿಂದ ಯಜಮಾನರು ಬಂದರು. ಮುಖದಲ್ಲಿ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲದ ಕಳೆ. ಅಲ್ಲೊಂದು ಬೋರ್ಡಿತ್ತಂತೆ: ಅಡಿ ಕೊಳೆಯಾಗದಿದ್ದರೆ, ಸ್ಟಿಕ್ಕರ್ ಹಾಗೇ ಇದ್ದರೆ, ಬಿಲ್ಲು ತಂದರೆ, ಏಳು ದಿನದೊಳಗೆ ಪೂರ್ತಿ ಹಣ ವಾಪಸ್. "ಅರ್ಥ ಆಯ್ತಾ? ಬುಧವಾರ ಇಂಟರ್‌ವ್ಯೂ. ಮುಂದಿನ ಭಾನುವಾರ ವಾಪಸ್. ಖರ್ಚು ಸೊನ್ನೆ!" ಎಂದು ಪಿಸುಗುಟ್ಟಿದರು. "ಕೆಲಸ ಸಿಕ್ಕಿದ್ರೆ?" ಎಂದೆ. "ಸಿಕ್ಕಿದ್ರೆ ನೋಡೋಣ" ಎಂದರು. ಖರ್ಚು ಹೇಗೂ ಸೊನ್ನೆ ಎಂದ ಮೇಲೆ ಸಾವಿರದ ಶೂ ಯಾಕೆ, ಮೂರು ಸಾವಿರದ್ದೇ ಇರಲಿ ಎಂದು ಅವರೇ ಧಾರಾಳವಾಗಿ ಹೇಳಿದರು. ಅವರು ನನಗೆ ಇಷ್ಟು ದುಬಾರಿ ವಸ್ತುವನ್ನು ಇಷ್ಟು ಸಂತೋಷದಿಂದ ಕೊಡಿಸಿದ್ದು ಅದೇ ಮೊದಲು.

ಬುಧವಾರ ಚಪ್ಪಲಿ ಮೆಟ್ಟಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಶೂ ಇದ್ದದ್ದು ಯಾರದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟ, ಗಂಡು ಹೆಣ್ಣಿನ ಹೆಸರು ಅಚ್ಚಾದ ಕೈಚೀಲದಲ್ಲಿ. ಅಡಿಗಳಲ್ಲಿ ಬೆಲೆಯ ದುಂಡು ಸ್ಟಿಕ್ಕರು. ಅದು ಏಳದಿರಲೆಂದು ಯಜಮಾನರು ಬೆಳಿಗ್ಗೆ ಅದರ ಮೇಲೆ ಪಾರದರ್ಶಕ ಟೇಪು ಬೇರೆ ಅಂಟಿಸಿದ್ದರು. ಶಾಲೆಯ ಗೇಟಿನ ಒಳಗೆ ಸೆಕ್ಯೂರಿಟಿಯವರ ಬೆಂಚಿನ ಮೇಲೆ ಕುಳಿತು ಶೂ ಬದಲಾಯಿಸಿದೆ. ಹಿಂದಿನ ರಾತ್ರಿ ಮಳೆ ಬಂದು ಅಂಗಳವೆಲ್ಲ ಕೆಮ್ಮಣ್ಣಿನ ಕೆಸರು. ಆಫೀಸಿನ ಮೆಟ್ಟಿಲವರೆಗೆ ಅಲ್ಲಲ್ಲಿ ಒಣಗಿದ್ದ ಕಲ್ಲು ಹುಡುಕಿಕೊಂಡು, ಸೀರೆ ಎತ್ತಿ ಹಿಡಿದು, ಕುಂಟಾಬಿಲ್ಲೆ ಆಡುವ ಹಾಗೆ ಹೋದೆ. "ಮೇಡಂ, ಕಾಲು ಉಳುಕಿದ್ಯಾ?" ಎಂದು ಸೆಕ್ಯೂರಿಟಿಯವರು ಹಿಂದಿನಿಂದ ಕೂಗಿದರು.

ಒಳಗೆ ಪ್ರಿನ್ಸಿಪಾಲ್ ಮೇಡಂ ಮತ್ತು ಟ್ರಸ್ಟಿನ ಹಿರಿಯರೊಬ್ಬರು ಕುಳಿತಿದ್ದರು. ನೆಲವನ್ನು ಆಗಷ್ಟೇ ಒರೆಸಿದ್ದರು, ಇನ್ನೂ ಒದ್ದೆ. ಕುಳಿತವಳು ಮೇಜಿನ ಕೆಳಗೆ ಎರಡೂ ಪಾದಗಳನ್ನು ನೆಲದಿಂದ ಒಂದು ಗೇಣು ಮೇಲೆತ್ತಿ ಹಿಡಿದೆ. ಕಂಪ್ಯೂಟರ್, ಫೀಸು, ರಿಜಿಸ್ಟರು ಎಂದು ಏನೇನೋ ಕೇಳಿದರು. ಉತ್ತರ ಗೊತ್ತಿತ್ತು, ಹೇಳಿದೆ; ಆದರೆ ತೊಡೆ ನಡುಗುತ್ತಿದ್ದುದರಿಂದ ದನಿಯೂ ನಡುಗಿತು. "ಆರಾಮಾಗಿ ಕೂತ್ಕೊಳ್ಳಿ, ಟೆನ್ಷನ್ ಬೇಡ" ಎಂದರು ಪ್ರಿನ್ಸಿಪಾಲ್. ಕೊನೆಗೆ ಆ ಹಿರಿಯರು ಕನ್ನಡಕ ತೆಗೆದು, "ಇಷ್ಟು ವರ್ಷ ಗ್ಯಾಪ್ ಆಗಿದೆಯಲ್ಲಮ್ಮ. ಬಂದು ಒಂದೆರಡು ತಿಂಗಳು ನೋಡಿ, ಆಗಲ್ಲ ಅಂತ ಹೊರಟು ಹೋಗೋರಲ್ಲ ತಾನೆ? ನಮಗೆ ನಂಬಿಕೆಯಿಂದ ಉಳ್ಕೊಳ್ಳೋರು ಬೇಕು" ಎಂದರು. ನಾನು ಎದೆಯ ಮೇಲೆ ಕೈಯಿಟ್ಟು, "ಇಲ್ಲ ಸಾರ್, ನಾನು ಬಂದ್ರೆ ಬಂದ ಹಾಗೇ. ವಾಪಸ್ ಹೋಗೋ ಮಾತೇ ಇಲ್ಲ" ಎಂದೆ. ಆ ಹೊತ್ತಿನಲ್ಲಿ ಬಿಲ್ಲು ನನ್ನ ಪರ್ಸಿನಲ್ಲಿತ್ತು, ಸ್ಟಿಕ್ಕರು ಕಾಲಿನ ಕೆಳಗಿತ್ತು. ಅವರು ನಂಬಿದರೋ ಇಲ್ಲವೋ ತಿಳಿಯದು. ನನಗೆ ಮಾತ್ರ ನನ್ನ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ. "ಒಂದೆರಡು ದಿನದಲ್ಲಿ ಫೋನ್ ಮಾಡ್ತೀವಿ" ಎಂದರು.

ಆ ಎರಡು ದಿನ ಫೋನು ಎತ್ತಿದ ಹಾಗೆ ನಾನು ಜನ್ಮದಲ್ಲಿ ಯಾವತ್ತೂ ಎತ್ತಿಲ್ಲ. ಸಾಲ ಬೇಕಾ ಎಂದವರಿಗೂ "ಹೇಳಿ ಸಾರ್" ಎಂದು ಎದ್ದು ನಿಂತು ಮಾತಾಡಿದೆ. ಶುಕ್ರವಾರ ಕಳೆಯಿತು, ಶನಿವಾರವೂ ಕಳೆಯಿತು. ಶೂ ಡಬ್ಬದಲ್ಲಿ, ತೆಳು ಕಾಗದ ಹೊದ್ದು, ಬೀರುವಿನ ಮೇಲೆ ಮಲಗಿತ್ತು.

ಭಾನುವಾರ ಬೆಳಿಗ್ಗೆ ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ಇವತ್ತೇ ಲಾಸ್ಟು. ಏನ್ ಮಾಡೋಣ?" ಎಂದರು. ಅವರು ಕೆಟ್ಟವರಲ್ಲ, ದನಿ ಮೆತ್ತಗೇ ಇತ್ತು. "ಕೊಟ್ಬಿಡೋಣ ರೀ" ಎಂದವಳು ನಾನೇ. ಎಷ್ಟು ಸಲೀಸಾಗಿ ಹೇಳಿದೆನೆಂದರೆ, ನಾನು ಅದನ್ನು ಮೊದಲ ದಿನದಿಂದಲೂ ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ ಎನ್ನಿಸಿತು. ಅವರು ಕುರ್ಚಿ ಹತ್ತಿ ಬೀರುವಿನ ಮೇಲಿಂದ ಡಬ್ಬ ಇಳಿಸಿದರು. ಹಗುರವಾಗಿತ್ತು. ಮುಚ್ಚಳ ತೆಗೆದರೆ ತೆಳು ಕಾಗದ ಮಾತ್ರ. ಶೂ ಇಲ್ಲ!

"ಮೇಘನಾ!" ಎಂದು ಕೂಗಿದರು. ಅವಳು ಹೊದಿಕೆಯಿಂದ ಮುಖ ತೆಗೆದು, "ನಂಗೇನ್ ಗೊತ್ತು? ಅಜ್ಜಿ ಬೆಳಿಗ್ಗೇನೇ ಕುರ್ಚಿ ಎಳೀತಾ ಇದ್ರು" ಎಂದಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅತ್ತೆ ಬರುತ್ತಿದ್ದರು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಮೈಮೇಲೆ ನೀಲಿ ಕಾಟನ್ ಸೀರೆ, ಕಾಲಲ್ಲಿ ಮೂರು ಸಾವಿರದ ಶೂ. ನಮ್ಮ ಕ್ರಾಸಿನಲ್ಲಿ ಪೈಪು ಹಾಕಲು ಅಗೆದು ವಾರಗಟ್ಟಲೆಯಾಗಿತ್ತು. ಆ ಅಗೆತದ ಅಷ್ಟೂ ಕೆಸರು ಶೂಗಳ ಮೇಲಿತ್ತು. ಬಾಗಿಲ ಹೊರಗೆ ನಿಂತು, ಗೋಡೆ ಹಿಡಿದು, ಒಂದೊಂದಾಗಿ ಬಿಚ್ಚಿಟ್ಟರು. ಸ್ಟಿಕ್ಕರು, ಟೇಪು ಎಲ್ಲ ಎಲ್ಲೋ ಹಾಲಿನ ಬೂತಿನ ದಾರಿಯಲ್ಲಿ ಐಕ್ಯವಾಗಿದ್ದವು.

"ಅಮ್ಮಾ! ಏನ್ ಮಾಡ್ಬಿಟ್ಟೆ!" ಎಂದರು ಯಜಮಾನರು.

"ಹಾಲು ತಂದೆ" ಎಂದರು ಅತ್ತೆ. "ಒಳ್ಳೇ ಶೂ ಕಣೋ. ಎಲ್ಲೂ ಕಚ್ಚಲ್ಲ."

"ಇನ್ನು ವಾಪಸ್ ತಗೊಳಲ್ಲ ಅವರು!"

"ತಗೋಬಾರದು ಅಂತಾನೇ ಹಾಕ್ಕೊಂಡ್ ಹೋಗಿದ್ದು. ಸದ್ಯ, ಇನ್ನು ಭಯ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅಪ್ಪ, ಮಗಳು ಇಬ್ಬರೂ ನಿಂಗೆ ಕೆಲಸ ಸಿಗಲ್ಲ ಅಂತಾನೇ ಲೆಕ್ಕ ಹಾಕಿದ್ರು. ಹಾಕ್ಲಿ ಬಿಡು. ನೀನೂ ಹಂಗೇ ಹಾಕಿದ್ಯಲ್ಲೇ, ಅದು ನಂಗೆ ಬೇಜಾರು. ಸಿಗುತ್ತೆ ಅಂತ ಈ ಮನೇಲಿ ಒಬ್ಬರಾದ್ರೂ ಲೆಕ್ಕ ಹಾಕಬೇಕಾ ಬೇಡ್ವಾ?"

ನನಗೆ ಅಳು ಬಂತು. ಅತ್ತೆಯ ಮುಂದೆ ಅಳುವ ಅಭ್ಯಾಸವಿಲ್ಲದ್ದರಿಂದ ಹಾಲು ಕಾಯಿಸುವ ನೆವದಲ್ಲಿ ಒಳಗೆ ಹೋದೆ. ಒಂದು ದಿನಕ್ಕೆ ಅಂತ ನಿಂಗ್ಯಾರಪ್ಪ ಹೇಳಿದ್ದು ಎಂದು ಅವರು ಅಂಗಡಿಯಲ್ಲಿ ಗದರಿದ್ದು ಯಾವ ಉಂಗುರದ ಸಲುವಾಗಿಯೂ ಅಲ್ಲವೆಂದು ಆಗ ಹೊಳೆಯಿತು. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು.

ಶಾಲೆಯಿಂದ ಫೋನು ಬರಲೇ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಮನೆಯ ಹವೆ ಬದಲಾಗಿತ್ತು. ಮೂರು ಸಾವಿರ ವಸೂಲಾಗಲೇಬೇಕೆಂದು ಯಜಮಾನರೇ ದಿನಾ ಫೋನಿನಲ್ಲಿ ನನಗೆ ಕೆಲಸ ಹುಡುಕತೊಡಗಿದರು. "ನಿಂಗೆ ಯಾಕೆ ಸಿಗಲ್ಲ? ಸಿಗಲೇಬೇಕು!" ಎಂದು ರೋಷದಿಂದ ಹೇಳುತ್ತಿದ್ದರು, ಅದು ಹೆಂಡತಿಯ ಮೇಲಿನ ನಂಬಿಕೆಯೋ ಶೂ ಮೇಲಿನ ಸಂಕಟವೋ ನಾನು ಕೇಳಲು ಹೋಗಲಿಲ್ಲ. ಅದೇ ಶೂನಲ್ಲಿ, ಕೆಸರಿನಲ್ಲೂ ಧಾರಾಳವಾಗಿ ಕಾಲಿಟ್ಟು, ಇನ್ನೆರಡು ಕಡೆ ಹೋಗಿ ಬಂದೆ. ಎರಡನೆಯದರಲ್ಲಿ ಪಾದಗಳನ್ನು ನೆಲದ ಮೇಲೆ ಭದ್ರವಾಗಿ ಊರಿ ಕುಳಿತು ಮಾತಾಡಿದೆ. ಕೆಲಸ ಸಿಕ್ಕಿತು.

ನಾಯಂಡಹಳ್ಳಿಯಲ್ಲಿ ಒಂದು ಗೋಡೌನಿನ ಆಫೀಸು. ಬರುವ ಹೋಗುವ ಸರಕಿನ ಲೆಕ್ಕವೆಲ್ಲ ನನ್ನದೇ. ಅಲ್ಲಿ ಮಾಲೀಕರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರೂ ಹವಾಯಿ ಚಪ್ಪಲಿ. ಅದನ್ನೂ ಲಕ್ಷ್ಮೀ ಫೋಟೋ ಇದೆಯೆಂದು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ನನ್ನ ಶೂ ದಿನವಿಡೀ ಆ ಚಪ್ಪಲಿಗಳ ನಡುವೆ, ತಪ್ಪು ಮದುವೆಮನೆಗೆ ಬಂದ ನೆಂಟರ ಹಾಗೆ ಬಿದ್ದಿರುತ್ತದೆ. ಎಲ್ಲರೂ ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಹಿಂದೊಂದು ಮೇಡಂ ಸೇರಿಸಿ. ಪ್ರತಿ ಸಲವೂ ಕಿವಿಗೆ ಹಿತವಾಗುತ್ತದೆ.

ಮೊದಲ ಸಂಬಳ ಬಂದ ದಿನ ಫ್ರಿಜ್ಜಿನ ಚೀಟಿಯನ್ನು ನಾನೇ ಉಗುರಿನಿಂದ ಕೆರೆದು ಕಿತ್ತೆ. ಅತ್ತೆ ಮೆಚ್ಚಿ ತಲೆದೂಗಿದರು. "ಆ ಶೂ ಬಿಲ್ಲೂ ಬಿಸಾಡಿದ್ಯಾ?" ಎಂದು ಕೇಳಿದರು. "ಅಯ್ಯೋ, ಆಗಲೇ ಬಿಸಾಡಿದೆ ಅತ್ತೆ" ಎಂದೆ.

ಅದು ಈಗಲೂ ನನ್ನ ಪರ್ಸಿನ ಒಳಜೇಬಿನಲ್ಲಿದೆ. ಮಸಿಯೆಲ್ಲ ಮಾಸಿ, ಅಂಗಡಿಯ ಹೆಸರೂ ಇಲ್ಲ, ಬೆಲೆಯೂ ಇಲ್ಲ, ಬರೀ ಬಿಳಿಯ ಚೂರು. ಎಸೆಯೋಣವೆಂದು ಎಷ್ಟೋ ಸಲ ಹೊರತೆಗೆದು, ಮತ್ತೆ ಮಡಿಸಿ ಇಟ್ಟುಕೊಂಡಿದ್ದೇನೆ. ನೀವು ದಯವಿಟ್ಟು ಅತ್ತೆಗೆ ಹೇಳಬೇಡಿ. ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಒಂದು ತಿಂಗಳಿದೆ.