ಎಬ್ಬಿಸಿ ನಿಲ್ಲಿಸಿದ ಭತ್ತದ ವಿಷಯವಾಗಿ

ಬೆಳೆಹಾನಿಯ ಫೋಟೊ ನೋಡಿ ತೀರ್ಪು ಕೊಡುವ ಯಂತ್ರದವರ ಸನ್ನಿಧಿಗೆ, ಸಿಂಧನೂರು ತಾಲ್ಲೂಕಿನ ಸಾಲಗುಂದದಿಂದ.

ಮಾನ್ಯರೇ,

ತಾವು ಎಲ್ಲಿದ್ದೀರೋ ತಿಳಿಯದಿದ್ದರೂ, ಅಲ್ಲಿ ಕರೆಂಟು ಹೋಗದೆ, ಮೈ ಬಿಸಿಯಾಗದೆ ಸುಖವಾಗಿದ್ದೀರೆಂದು ನಂಬಿ ನಮಸ್ಕರಿಸುತ್ತೇನೆ. ಇಲ್ಲಿ ನಾವೂ ಕ್ಷೇಮ. ಮೊನ್ನೆಯ ಮಳೆಗೆ ಮಸ್ಕಿ, ಲಿಂಗಸುಗೂರಿನ ಕಡೆ ಹತ್ತಿ, ತೊಗರಿ ಕೊಳೆತವು, ನಮ್ಮ ಕಾಲುವೆ ಸೀಮೆಯಲ್ಲಿ ಕೊಯ್ಲಿಗೆ ಬಂದ ಭತ್ತ ನೆಲಕ್ಕೊರಗಿತು, ಅಷ್ಟೇ.

ಹಾಳಾದ ಬೆಳೆಯ ಫೋಟೊವನ್ನು ಮೊಬೈಲಿನಿಂದ ತಮಗೆ ಕಳಿಸಿದವರಿಗೆ ಪರಿಹಾರ ಸಿಗುವುದೆಂದು ಊರಲ್ಲಿ ಸಾರಿದಾಗ, ನಮ್ಮ ಬದುವಿನಾಚೆಯ ಗದ್ದೆಯ ಶಂಶಾದ್‌ಬೀ, ತನ್ನ ಫೋನಿಗೆ ಮಾತಾಡುವುದೊಂದೇ ಗೊತ್ತೆಂದು ಹೇಳಿ, ತನ್ನ ಗದ್ದೆಯದನ್ನೂ ತೆಗೆದುಕೊಡಲು ನನ್ನನ್ನು ಕೇಳಿದಳು. ಎಂ.ಎ. ಮಾಡಿಯೂ ಐವತ್ತರ ಹೊಸ್ತಿಲವರೆಗೆ ಊರಿನ ಯಾವ ಉಪಯೋಗಕ್ಕೂ ಬಾರದ ನನಗೆ ಇದು ಪದವಿ ಪ್ರದಾನಕ್ಕಿಂತ ದೊಡ್ಡ ಗೌರವವೆನಿಸಿ, ಬೆಳಕು ಹದವಾಗಲೆಂದು ಕಾದು ಹೊತ್ತಿಳಿಯುವಾಗ ಹೋದೆ.

ಹೋಗಿ ನೋಡಿದರೆ ಆಕೆ ಮನೆಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ಬಿದ್ದ ಪೈರನ್ನು ನಾಲ್ಕೈದು ಬುಡಗಳಂತೆ ಸೇರಿಸಿ ಕಟ್ಟಿ, ಇಡೀ ಗದ್ದೆಯನ್ನು ಎಬ್ಬಿಸಿ ನಿಲ್ಲಿಸಿದ್ದಳು. ತೆನೆ ನೀರಿನಿಂದ ಮೇಲೆ ಬರಲಿ ಎಂಬುದು ಒಂದು ಕಾರಣ. ಇನ್ನೊಂದನ್ನು ಆಕೆಯೇ ಹೇಳಿದಳು: “ಮನಿಗೆ ಮಂದಿ ಬರ್ತಾರಂದ್ರ ಹಾಸಿಗಿ ಸುತ್ತಿ ಇಡಂಗಿಲ್ಲೇನ್ರಿ ಅಕ್ಕಾರ? ಸರ್ಕಾರದವ್ರು ನೋಡೋ ಹೊತ್ತಿಗೆ ಗದ್ದಿ ಹಿಂಗ ಬಿದ್ಕೊಂಡಿದ್ರ ಏನ್ ಮರ್ಯಾದಿ?”

ಇದರಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಅತಿಥಿಗಳು ಬಂದರೆ ನಾನೂ ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳುವವಳೇ. ಆದ್ದರಿಂದ ಅತ್ಯಂತ ಅಚ್ಚುಕಟ್ಟಾದ ಮೂಲೆಯನ್ನು ಆರಿಸಿ, ಬೆಳ್ಳಕ್ಕಿಯೊಂದು ಬಂದಿಳಿಯುವ ತನಕ ಕಾದು, ಫೋಟೊ ತೆಗೆದೆ. ನಮ್ಮ ಗದ್ದೆಯನ್ನು ಎಬ್ಬಿಸಬೇಕಾದ ನಾನು ಅಷ್ಟೂ ದಿನ ಮಳೆಯ ಮೇಲಿನ ಕವಿತೆ ಓದುತ್ತಿದ್ದುದರಿಂದ ಅದು ಬಿದ್ದಲ್ಲೇ ಇತ್ತು. ಕಣ್ಣಿಗೆ ಹಿತವಲ್ಲದ ಆ ದೃಶ್ಯವನ್ನೂ ಒಲ್ಲದ ಮನಸ್ಸಿನಿಂದ ತೆಗೆದು ಕಳಿಸಿದೆ.

ತಮ್ಮ ತೀರ್ಪನ್ನು ಶಿರಸಾವಹಿಸಿದ್ದೇನೆ. ನನ್ನ ಗದ್ದೆಗೆ ‘ಹಾನಿ ಖಚಿತ, ಪರಿಹಾರಕ್ಕೆ ಅರ್ಹ’. ಶಂಶಾದ್‌ಬೀಯದಕ್ಕೆ ‘ಬೆಳೆ ಉತ್ತಮ, ಹಾನಿ ಇಲ್ಲ’. ಸೋಮಾರಿತನಕ್ಕೆ ಬಹುಮಾನವನ್ನೂ ದುಡಿಮೆಗೆ ಪ್ರಶಂಸೆಯನ್ನೂ ಹೀಗೆ ಸರಿಯಾಗಿ ಹಂಚಿದವರನ್ನು ನಾನು ಕಂಡಿಲ್ಲ. ನನ್ನ ಸೌಂದರ್ಯಪ್ರಜ್ಞೆಯನ್ನು ಜೀವಮಾನದಲ್ಲಿ ಗುರುತಿಸಿದವರೂ ತಾವೊಬ್ಬರೇ. ಆದರೆ ಆ ನಿಂತ ತೆನೆಗಳಲ್ಲಿ ಕಾಳು ಮೊಳೆತಿದೆ. ಅದನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಪರಿಹಾರ ಬಾರದಿದ್ದರೆ ಬೇಸಿಗೆ ಬೆಳೆಗೆ ಬೀಜ ತರುವ ದಾರಿ ಆಕೆಗಿಲ್ಲ, ಕಾಲುವೆಗೆ ನೀರು ಬಿಟ್ಟ ದಿನವೂ ಆ ಗದ್ದೆ ಬೀಳು ಬಿದ್ದಿರುತ್ತದೆ.

ಆದುದರಿಂದ, ಮೊಳೆತ ಕಾಳಿನ ಮುಗ್ಗುವಾಸನೆಯನ್ನು ಫೋಟೊದೊಂದಿಗೆ ಕಳಿಸಲು ಒಂದು ಗುಂಡಿಯನ್ನು ದಯಪಾಲಿಸಬೇಕಾಗಿ ವಿನಂತಿ. ಅದಾಗದಿದ್ದರೆ ಖುದ್ದಾಗಿ ಬಂದು ಕೆಸರಿಗಿಳಿಯಬೇಕು. ಕಾಲಿಲ್ಲವೆಂಬ ಸಂಕೋಚ ಬೇಡ, ತೊಳೆಯಲು ನೀರು ನಾನೇ ಕೊಡುತ್ತೇನೆ. ನನಗೆ ಬರುವ ಪರಿಹಾರವನ್ನು ನೀನೇ ಇಟ್ಟುಕೊ ಎಂದು ಶಂಶಾದ್‌ಬೀಗೆ ಹೇಳಿ ನೋಡಿದೆ. “ಅದು ನಿಮ್ಮ ಗದ್ದಿ ಬಿದ್ದಿದ್ದಕ್ಕ ಬರೋದ್ರಿ. ನಂದೂ ಬಿದ್ದಿತ್ತು ಅಂತ ಅವರಿಗೆ ಹೇಳ್ರಿ, ಸಾಕು” ಎಂದಳು. ಹೇಳುತ್ತಿದ್ದೇನೆ: ಬಿದ್ದಿತ್ತು.

ತಮ್ಮ ವಿಶ್ವಾಸಿ, ಹಾಗೂ ಯೋಗ್ಯತೆಯಿಲ್ಲದೆ ತಮ್ಮ ಕೃಪೆಗೆ ಪಾತ್ರಳಾದ,
ರಾಜಶ್ರೀ

ತಾ.ಕ.: ತೀರ್ಪಿಗೆ ಆಕ್ಷೇಪಣೆ ಸಲ್ಲಿಸಲು, ಬಿದ್ದ ಬೆಳೆಯ ಹೊಸ ಫೋಟೊ ಕಡ್ಡಾಯವೆಂದು ತಿಳಿದು, ಇಂದು ಇಬ್ಬರೂ ಕಟ್ಟು ಬಿಚ್ಚಲು ಹೋಗಿದ್ದೆವು. ಶಂಶಾದ್‌ಬೀ ಮೊದಲನೆಯದನ್ನು ಬಿಚ್ಚಿದಳು. ಭತ್ತ ವಾಲುತ್ತಿದ್ದಂತೆ ಆಕೆಯ ಕೈ ತಾನಾಗಿ ಮುಂದೆ ಹೋಗಿ ಅದನ್ನು ಹಿಡಿದು ಮತ್ತೆ ಕಟ್ಟಿತು. ನನ್ನಿಂದಲೂ ಆಗಲಿಲ್ಲ. ರೈತರನ್ನು ಮಲಗಿಸಿಯೇ ನೋಡಬೇಕೆಂಬುದು ತಮ್ಮ ನಿಯಮವಾದರೆ, ಆ ಕೆಲಸಕ್ಕೆ ತಮ್ಮ ಕಡೆಯವರನ್ನೇ ಕಳಿಸಿಕೊಡಿ, ಅವರಿಗೆ ಅಭ್ಯಾಸವಿರಬಹುದು.