ನಳ್ಳಿಗೊಂದು ತಿದ್ದುಪಡಿ

ಆಸ್ಯಮ್ಮನ ಅಂಗಳದ ನಳ್ಳಿಯಲ್ಲಿ ಅದುವರೆಗೆ ನೀರು ಬಂದಿದ್ದದ್ದು ಒಂದೇ ಒಂದು ಸಲ. ಅದೂ ಟಿ.ವಿ.ಯವರು ಬಂದ ದಿನ.

ಕಕ್ಕಿಂಜೆಯಿಂದ ಒಳಗೆ ಎರಡು ಮೈಲಿ ಹೋದರೆ ಸಿಗುವ ಗುಂಡಿಬೈಲಿನಲ್ಲಿ ಮೂರು ವಾರದ ಹಿಂದೆ ಕುಡಿಯುವ ನೀರಿನ ಯೋಜನೆಯ ಉದ್ಘಾಟನೆಯಾಗಿತ್ತು. ಪಂಚಾಯತ್ ಅಧ್ಯಕ್ಷ ಶೀನಪ್ಪನವರು ನಳ್ಳಿ ತಿರುಗಿಸಿದರು. ನೀರು ಧೋ ಎಂದು ಸುರಿಯಿತು. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಆಸ್ಯಮ್ಮನನ್ನು ಎಬ್ಬಿಸಿ, ಕೈಗೊಂದು ಕೊಡಪಾನ ಕೊಟ್ಟು, "ಸ್ವಲ್ಪ ನಗಾಡಿ" ಎಂದರು. ಮನೆಗೆ ಬಂದ ದೊಡ್ಡವರ ಮುಂದೆ ಮುಖ ಗಂಟಿಕ್ಕುವುದು ಹೇಗೆ? ಆಸ್ಯಮ್ಮ ನಕ್ಕಳು. ಆ ನಗು ಸಂಜೆ ಏಳರ 'ಸಿರಿಧ್ವನಿ' ಕೇಬಲ್ ವಾರ್ತೆಯಲ್ಲಿ ಉಜಿರೆಯಿಂದ ಘಾಟಿಯ ಬುಡದವರೆಗೆ ತಂತಿ-ಸರಿಗೆ ಎಳೆದಿದ್ದ ಮನೆಗಳಲ್ಲೆಲ್ಲ ಕಾಣಿಸಿತು. ಅಷ್ಟರಲ್ಲಿ ನಳ್ಳಿ ಒಣಗಿ ಮೂರು ಗಂಟೆಯಾಗಿತ್ತು. ಬೋರ್‌ವೆಲ್ಲಿಗೆ ಪಂಪೇ ಇಳಿಸಿರಲಿಲ್ಲ. ಬಾವಾನ ಗೂಡಂಗಡಿಯ ಹಿಂದೆ ಟೆಂಪೋದಲ್ಲಿ ಕಪ್ಪು ಟ್ಯಾಂಕಿ ತಂದು ನಿಲ್ಲಿಸಿ, ಅದರಿಂದ ಪೈಪಿಗೆ ನೀರು ಬಿಟ್ಟಿದ್ದರೆಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು.

ಅದು ಎರಡು ಸಾವಿರದ ನಾಲ್ಕರ ಏಪ್ರಿಲ್. ಬಾವಿಯಲ್ಲಿ ಕೆಸರು ಮಾತ್ರ ಇತ್ತು. ಅರ್ಧ ಮೈಲಿ ಕೆಳಗಿನ ಬತ್ತುತ್ತಿದ್ದ ತೋಡಿನ ಗುಂಡಿಯಿಂದ ದಿನಕ್ಕೆ ಆರು ಕೊಡಪಾನ ಹೊತ್ತು ಆಸ್ಯಮ್ಮನ ಮೊಣಕಾಲು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಬುಧವಾರ ಬೆಳಿಗ್ಗೆ ಆ ಗುಂಡಿಯಲ್ಲೂ ಹುಳ ಕಂಡಾಗ ಅವಳ ಸಹನೆ ಮುಗಿಯಿತು. ನೇರ ಪಂಚಾಯತ್ ಕಚೇರಿಗೆ ಹೋಗಿ ಗುಮಾಸ್ತನ ಮೇಜಿನ ಮುಂದೆ ನಿಂತಳು.

"ನಳ್ಳಿಯಲ್ಲಿ ನೀರು ಬರುವುದಿಲ್ಲ. ಬರ್ಕೊಳ್ಳಿ."

ಗುಮಾಸ್ತ ಅವಳ ಮುಖವನ್ನೇ ನೋಡಿದ. "ನೀವು ಆಸ್ಯಮ್ಮ ಅಲ್ವಾ? ನಿಮ್ಮನ್ನು ಟಿ.ವಿ.ಯಲ್ಲಿ ನೋಡಿದ್ದೇನೆ. ನಗ್ತಾ ನಗ್ತಾ ನೀರು ತುಂಬಿಸ್ತಾ ಇದ್ರಿ."

"ಅದು ಟೆಂಪೋದ ನೀರು!"

"ಟೆಂಪೋ ಟಿ.ವಿ.ಯಲ್ಲಿ ಬರ್ಲಿಲ್ಲ. ನೀರು ಬಂದಿದೆ. ಇಂಜಿನಿಯರ್ ಕೂಡ ಅದನ್ನೇ ನೋಡಿ ಯೋಜನೆ ಪೂರ್ಣ ಅಂತ ಬರೆದು ಫೈಲು ಮುಚ್ಚಿ ಆಯ್ತು." ಗುಮಾಸ್ತ ಕೆಟ್ಟವನಲ್ಲ, ದನಿ ತಗ್ಗಿಸಿ ಒಂದು ದಾರಿ ಹೇಳಿದ. "ನೀರಿಲ್ಲ ಅಂತಲೂ ಅದೇ ಟಿ.ವಿ.ಯಲ್ಲಿ ಬರಲಿ. ಮತ್ತೆ ಫೈಲು ತೆರೀಲೇ ಬೇಕಾಗ್ತದೆ."

ಆಸ್ಯಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯದೆ ಇನ್ನೇನು? ನೀರು ಕೊಡದಿದ್ದರೆ ಅದೊಂದು ಅನ್ಯಾಯ. ಅವಳ ನಗುವನ್ನೇ ಅವಳ ವಿರುದ್ಧ ಸಾಕ್ಷಿಗೆ ನಿಲ್ಲಿಸುವುದೆಂದರೆ! ಕಾಲೆಳೆಯುತ್ತ ಬಂದವಳು ಪಕ್ಕದ ಮನೆಯ ಅಂಗನವಾಡಿ ಟೀಚರ್ ಶಶಿಪ್ರಭಾರ ಬಾಗಿಲು ಬಡಿದಳು.

ಶಶಿಪ್ರಭಾ ಟೀಚರ್ ಎಂದರೆ ಪ್ರಾರ್ಥನೆಯಿಲ್ಲದೆ ಯಾವುದನ್ನೂ ಆರಂಭಿಸದ, ಧನ್ಯವಾದ ಸಮರ್ಪಣೆಯಿಲ್ಲದೆ ಯಾವುದನ್ನೂ ಮುಗಿಸದ ಜೀವ. ಅರ್ಧ ಗಂಟೆಯಲ್ಲಿ ಮನವಿ ತಯಾರಾಯಿತು. ಸುಳ್ಳು ವಾರ್ತೆಗೆ ಅದೇ ಹೊತ್ತಿನಲ್ಲಿ, ಅಷ್ಟೇ ಉದ್ದದ ತಿದ್ದುಪಡಿ ಪ್ರಸಾರವಾಗಬೇಕು. ತಪ್ಪಿದರೆ ಮೂವತ್ತೊಂದು ಮನೆಯವರು ಕೇಬಲ್ ಸರಿಗೆ ಕಿತ್ತು ರಸ್ತೆಗೆ ಹಾಕುತ್ತೇವೆ. ಎಲ್ಲರೂ ಸಹಿ ಹಾಕಿದರು. ಗೂಡಂಗಡಿಯ ಬಾವಾ ಮಾತ್ರ, "ಕ್ರಿಕೆಟ್ ಇದ್ದ ದಿನ ಬಿಟ್ಟು ಅಂತ ಒಂದು ಸಾಲು ಸೇರಿಸಿ ಟೀಚರೇ" ಎಂದು ಷರತ್ತು ಹಾಕಿ, ಸೇರಿಸಿದ ಮೇಲೆಯೇ ಪೆನ್ನು ಮುಟ್ಟಿದ.

ಹನ್ನೆರಡರ ಬಸ್ಸಿಗೆ ಇಬ್ಬರೂ ಉಜಿರೆಗೆ ಹೋದರು. ಸಿರಿಧ್ವನಿಯ ಕಚೇರಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿತ್ತು. ಅಲ್ಲಿ ಮಾಲೀಕ, ವರದಿಗಾರ, ಕ್ಯಾಮರಾದವ, ವಾರ್ತೆ ಓದುವವ, ಮರ ಹತ್ತಿ ಸರಿಗೆ ಕಟ್ಟುವವ ಎಲ್ಲ ಜತ್ತಪ್ಪ ಒಬ್ಬನೇ. ಮನವಿ ಓದಿ ಅವನು ತಲೆ ತುರಿಸಿಕೊಂಡ.

"ತಿದ್ದುಪಡಿಯಾ? ಅಂಥ ಕಾರ್ಯಕ್ರಮ ನಮ್ಮಲ್ಲಿ ಇಲ್ಲ ಅಕ್ಕಾ."

"ಸುಳ್ಳು ಹೇಳುವ ಕಾರ್ಯಕ್ರಮ ಉಂಟಲ್ಲ?" ಎಂದಳು ಆಸ್ಯಮ್ಮ.

"ನಾನೆಂತ ಸುಳ್ಳು ಹೇಳಿದ್ದು? ನೀರು ಬಂತು, ವೀಡಿಯೋ ತೆಗ್ದೆ. ಎಲ್ಲಿಂದ ಬಂತು ಅಂತ ಪೈಪಿನ ಒಳಗೆ ಕ್ಯಾಮರಾ ಹಾಕ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಈಗ ಬಂದು ಒಣ ನಳ್ಳಿಯನ್ನು ತೆಗಿ."

ಜತ್ತಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಒಣ ನಳ್ಳಿ ವಾರ್ತೆ ಹೇಗೆ ಆಗ್ತದೆ? ವಾರ್ತೆ ಅಂದ್ರೆ ಕಾರ್ಯಕ್ರಮ ಮಾರಾಯ್ತಿ. ಬ್ಯಾನರು ಬೇಕು, ಮೈಕು ಬೇಕು, ಎದುರಿಗೆ ನಾಲ್ಕು ಜನ ಕೂತಿರಬೇಕು. ಏಳು ವರ್ಷದಲ್ಲಿ ನಾನು ಕಾರ್ಯಕ್ರಮ ಬಿಟ್ಟು ಬೇರೆಂತದ್ದೂ ತೆಗೆದವನಲ್ಲ. ಮಳೆ ಬಂದದ್ದನ್ನು ತೋರಿಸಿದ್ದು ಕೂಡ ಮಳೆಗೆ ಸಭೆ ನಿಂತದ್ದಕ್ಕೆ."

ಮೂವತ್ತೊಂದು ಸಹಿಗಳನ್ನು ಇನ್ನೊಮ್ಮೆ ಎಣಿಸಿ ಅವನು ಮೆತ್ತಗಾದ. "ಒಂದು ಕೆಲಸ ಮಾಡುವ. ನೀವು ಸಭೆ ಮಾಡಿ, ಇವತ್ತೇ ನಾಲ್ಕು ಗಂಟೆಗೆ ನಾನು ಬರ್ತೇನೆ. ಐದರ ಬಸ್ಸಿಗೆ ನನ್ನನ್ನು ಬಿಡ್ಬೇಕು, ಏಳಕ್ಕೆ ವಾರ್ತೆ."

ಆಸ್ಯಮ್ಮನಿಗೆ ಗೆದ್ದ ಹಾಗಾಯಿತು. ಟೀಚರಿಗೆ ಮದುವೆ ಮನೆ ವಹಿಸಿಕೊಂಡ ಹಾಗಾಯಿತು. ಬಸ್ಸಿನಲ್ಲಿ ಬರುವಾಗಲೇ ಟಿಕೇಟಿನ ಹಿಂದೆ ಪಟ್ಟಿ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ. ಬಾವಾನ ಅಂಗಡಿಯ ಮುಂದೆ ಇಳಿಯುವಷ್ಟರಲ್ಲಿ ಅಧ್ಯಕ್ಷತೆಯ ಸಾಲಿಗೆ ಬಂದಿದ್ದರು.

"ಅಧ್ಯಕ್ಷತೆ ಶೀನಪ್ಪನವರು" ಎಂದು ಬರೆದರು ಟೀಚರ್.

"ಯಾವ ಶೀನಪ್ಪ?" ಆಸ್ಯಮ್ಮ ಬೆಚ್ಚಿಬಿದ್ದಳು. "ನೀರು ಕೊಡದ ಶೀನಪ್ಪನಾ? ಅವನ ಮೇಲೆ ದೂರು ಹೇಳುವ ಸಭೆಗೆ ಅವನೇ ಅಧ್ಯಕ್ಷನಾ?"

"ಮತ್ತೆ ಯಾರು? ಗ್ರಾಮದ ಯಾವ ಸಭೆಗೂ ಅವರೇ ಅಲ್ವಾ? ಕರೀದಿದ್ರೆ ಮರ್ಯಾದೆ ಅಲ್ಲ ಆಸ್ಯಮ್ಮ. ನಾಳೆ ನನ್ನ ಅಂಗನವಾಡಿಗೆ ಅಕ್ಕಿಯೂ ಬರ್ಲಿಕ್ಕಿಲ್ಲ."

ಬಾವಾ ಅಂಗಡಿಯೊಳಗಿಂದ ಕತ್ತು ಹೊರಗೆ ಹಾಕಿದ. "ಟೀಚರ್ ಹೇಳುವುದು ಸರಿ. ಅಧ್ಯಕ್ಷರಿಲ್ಲದ ಸಭೆಗೆ ನಾನು ಬಾಡಿಗೆಗೂ ಮೈಕು ಕೊಡುವುದಿಲ್ಲ. ನನ್ನ ಅಂಗಡಿಗೆ ಲೈಸನ್ಸ್ ಬೇಡ್ವಾ? ಮತ್ತೆ ಎಂತ, ಬೆನ್ನ ಹಿಂದೆ ಹೇಳುವ ಬದಲು ಅವರ ಎದುರೇ ಹೇಳು."

ಎದುರೇ ಹೇಳುವುದು ಎಂಬ ಮಾತು ಆಸ್ಯಮ್ಮನಿಗೆ ಹಿಡಿಸಿತು. ಕ್ಯಾಮರಾದ ಮುಂದೆ ನಳ್ಳಿ ತಿರುಗಿಸುವುದು, ಅದು ಬುಸ್ಸೆನ್ನುವುದು, ಶೀನಪ್ಪನ ಮುಖ ಕಪ್ಪಿಡುವುದು ಎಲ್ಲ ಕಣ್ಣಿಗೆ ಕಟ್ಟಿತು. ಬಾವಾನ ಅಂಗಡಿಯಿಂದಲೇ ಫೋನು ಹೋಯಿತು. ಶೀನಪ್ಪನವರು ವಿಷಯವನ್ನೆಲ್ಲ ಸಮಾಧಾನದಿಂದ ಕೇಳಿ, "ಖಂಡಿತ ಬರ್ತೇನೆ" ಎಂದರಂತೆ. ಅಷ್ಟು ಸಮಾಧಾನ ಯಾಕೆಂದು ಯಾರೂ ಯೋಚಿಸಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಆಸ್ಯಮ್ಮನ ಅಂಗಳದಲ್ಲಿ ಎಲ್ಲರೂ ಸೇರಿದರು. ಪ್ರಾರ್ಥನೆಯಾಯಿತು. ಶೀನಪ್ಪನವರಿಗೆ ಹೂವು ಕೊಟ್ಟದ್ದಾಯಿತು. ಆಸ್ಯಮ್ಮ ಮೈಕು ಹಿಡಿದಳು. ಮನೆಯಲ್ಲಿ ಬ್ಯಾರಿ, ನೆರೆಕರೆಯಲ್ಲಿ ತುಳು ಮಾತಾಡುವವಳಾದರೂ ಟಿ.ವಿ. ಎಂದ ಮೇಲೆ ಕನ್ನಡವೇ ಆಗಬೇಕಲ್ಲ. ನಾಲ್ಕನೇ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿದಳು.

"ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ. ಈ ನಳ್ಳಿ ಸುಳ್ಳು. ಅವತ್ತು ತೋರಿಸಿದ ನೀರು ಸುಳ್ಳು. ನಾನು ನಕ್ಕದ್ದು ಸುಳ್ಳು. ನಾವು ನೀರು ಹೊತ್ತು ಹೊತ್ತು ಸಾಯುತ್ತಿದ್ದೇವೆ, ಅದನ್ನು ಯಾಕೆ ತೋರಿಸುವುದಿಲ್ಲ? ಟಿ.ವಿ. ಯಾರದು? ಸರಿಗೆ ನಮ್ಮ ಮನೆಯ ಮಾಡಿನ ಮೇಲೆ ಹೋಗುವುದು, ಸುದ್ದಿ ಮಾತ್ರ ಅಧ್ಯಕ್ಷರದ್ದಾ?"

ಚಪ್ಪಾಳೆ ಬಿತ್ತು. ಶೀನಪ್ಪನವರೂ ತಟ್ಟಿದರು. ಆಸ್ಯಮ್ಮ ದಾಪುಗಾಲು ಹಾಕಿ ನಳ್ಳಿಯ ಬಳಿ ಹೋಗಿ, "ಎಲ್ಲರೂ ನೋಡಿ!" ಎಂದು ತಿರುಗಿಸಿದಳು.

ನೀರು ಧೋ ಎಂದು ಸುರಿಯಿತು.

ಹೆಂಗಸರೆಲ್ಲ ಕೊಡಪಾನ ತರಲು ಓಡಿದರು. "ಮುಟ್ಬೇಡಿ! ತುಂಬಿಸ್ಬೇಡಿ! ಅದು ಟೆಂಪೋದ್ದು!" ಎಂದು ಆಸ್ಯಮ್ಮ ಕಿರುಚಿದಳು. ಯಾರು ಕೇಳುತ್ತಾರೆ? ಏಪ್ರಿಲ್ ತಿಂಗಳಲ್ಲಿ ಹರಿದು ಹೋಗುವ ನೀರನ್ನು ನೋಡುತ್ತ ನಿಲ್ಲುವ ಹೆಂಗಸು ಈ ಭೂಮಿಯ ಮೇಲೆ ಇಲ್ಲ. ಕಿರುಚುತ್ತ ಕಿರುಚುತ್ತಲೇ ಆಸ್ಯಮ್ಮನ ಕೈ ತನ್ನ ಕೊಡಪಾನವನ್ನೂ ನಳ್ಳಿಯ ಕೆಳಗೆ ತಳ್ಳಿತು. ಅದು ಅವಳ ತಪ್ಪಲ್ಲ. ಜತ್ತಪ್ಪ ಎಲ್ಲವನ್ನೂ ತೆಗೆಯುತ್ತಿದ್ದ.

ಅವಳು ಅವನ ಅಂಗಿ ಹಿಡಿದು ಗೂಡಂಗಡಿಯ ಹಿಂದಕ್ಕೆ ಎಳೆದೊಯ್ದಳು. ಟೆಂಪೋ ಅಲ್ಲೇ ಇತ್ತು, ಕಪ್ಪು ಟ್ಯಾಂಕಿ ಸಮೇತ. "ತೆಗಿ! ಇದನ್ನು ತೆಗಿ!"

ಜತ್ತಪ್ಪ ಟೆಂಪೋವನ್ನು ನೋಡಿದ. ಅವಳನ್ನು ನೋಡಿದ. "ಇದು ಕಾರ್ಯಕ್ರಮದ ಪಟ್ಟಿಯಲ್ಲಿ ಇಲ್ಲ ಅಕ್ಕಾ" ಎಂದು ಕ್ಯಾಮರಾವನ್ನು ಚೀಲಕ್ಕೆ ಹಾಕಿದ. "ಬ್ಯಾಟರಿಯೂ ಮುಗೀತು, ಬಸ್ಸಿಗೂ ಹೊತ್ತಾಯ್ತು."

"ಬಸ್ಸು ಯಾಕೆ? ಜೀಪಿನಲ್ಲಿ ಬಾ" ಎಂದು ಶೀನಪ್ಪನವರು ಅಂಗಳದಿಂದಲೇ ಕರೆದರು.

ಏಳು ಗಂಟೆಗೆ ಊರೆಲ್ಲ ಬಾವಾನ ಅಂಗಡಿಯ ಟಿ.ವಿ. ಮುಂದೆ ಕೂತಿತ್ತು. ಪರದೆಯ ಮೇಲೆ ಆಸ್ಯಮ್ಮ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಆದರೆ ಅವಳ ದನಿಯಿರಲಿಲ್ಲ. ಅದರ ಬದಲು ಕೊಳಲು ಕೇಳುತ್ತಿತ್ತು, ಮೇಲಿಂದ ಜತ್ತಪ್ಪನ ಓದು. "ಗುಂಡಿಬೈಲಿನಲ್ಲಿ ನೀರಿನ ಯೋಜನೆಯ ಯಶಸ್ಸಿಗೆ ಇಂದು ಗ್ರಾಮಸ್ಥರಿಂದ ಕೃತಜ್ಞತಾ ಸಭೆ ಜರಗಿತು. ಫಲಾನುಭವಿ ಆಸ್ಯಮ್ಮ ಭಾವುಕರಾಗಿ ಮಾತನಾಡಿದರು. ಇಲ್ಲಿ ನೀರು ಹೇರಳವಾಗಿರುವುದರಿಂದ ಪಕ್ಕದ ಗುಡ್ಡದ ಪಾದೆಮೇಲಿನವರೂ ಇಲ್ಲಿಂದಲೇ ಕೊಂಡುಹೋಗಬಹುದು, ಅಲ್ಲಿಗೆ ಬೇರೆ ಯೋಜನೆಯ ಅಗತ್ಯವಿಲ್ಲ ಎಂದು ಅಧ್ಯಕ್ಷರು ಘೋಷಿಸಿದರು."

"ವಂದನಾರ್ಪಣೆ ತೋರಿಸ್ಲೇ ಇಲ್ಲ" ಎಂದರು ಟೀಚರ್ ಮೆಲ್ಲಗೆ. ವಾರ್ತೆಯೆಲ್ಲ ಮುಗಿದು ಬಾವಾ ಅಂಗಡಿ ಮುಚ್ಚುವ ಹೊತ್ತಿಗೆ ಆಸ್ಯಮ್ಮ ಎದ್ದು ಮನೆಗೆ ಬಂದಳು.

ಅಂಗಳಕ್ಕೆ ಬಂದರೆ ಪಾದೆಮೇಲಿನ ಏಳು ಹೆಂಗಸರು ಕೊಡಪಾನ ಹಿಡಿದು ಕಾಯುತ್ತಿದ್ದರು. ಮುಂದೆ ನಿಂತವಳು ಅವಳ ನಾದಿನಿ ಖತೀಜಮ್ಮ. ಗುಡ್ಡ ಇಳಿದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಟಿ.ವಿ. ನೋಡಿದ ಕೂಡ್ಲೇ ಹೊರಟು ಬಂದೆವು ಆಸ್ಯಾ."

"ನೀರಿಲ್ಲ ಖತೀಜಾ. ಅಲ್ಲಾಹನಾಣೆ ಇಲ್ಲ. ಅದೆಲ್ಲ ಸುಳ್ಳು." ಆಸ್ಯಮ್ಮ ನಳ್ಳಿ ತಿರುಗಿಸಿ ತೋರಿಸಿದಳು. ಅದು ಬುಸ್ಸೆಂದಿತು. ಸಭೆಯಲ್ಲಿ ಅವಳಿಗೆ ಬೇಕಾಗಿದ್ದ ಬುಸ್ಸು ಈಗ ಬಂತು.

ಖತೀಜಮ್ಮ ಒಳಗೆ ಇಣುಕಿದಳು. ಅಡುಗೆಮನೆಯಲ್ಲಿ ತುಂಬಿದ ಕೊಡಪಾನ ಹೊಳೆಯುತ್ತಿತ್ತು. "ಅದೆಂತದು ಮತ್ತೆ? ನಾವು ಕಣ್ಣಾರೆ ನೋಡಿದ್ದೇವೆ. ನೀರಿದ್ದವರು ಇಲ್ಲ ಅಂತಲೇ ಹೇಳುವುದು. ನೀನು ಕೂಡ ಹೀಗೆ ಮಾಡ್ತೀ ಅಂತ ಗೊತ್ತಿರ್ಲಿಲ್ಲ."

ಆಸ್ಯಮ್ಮನಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ನುಂಗಿಕೊಂಡು ಒಳಗೆ ಹೋಗಿ ಕೊಡಪಾನ ಎತ್ತಿ ತಂದು, ಏಳು ಜನರಿಗೂ ಚೊಂಬಿನಲ್ಲಿ ಬಗ್ಗಿಸಿ ಕುಡಿಸಿದಳು. ಉಳಿದದ್ದನ್ನು ಅವರು ಮಕ್ಕಳಿಗೆಂದು ಹಂಚಿಕೊಂಡರು.

"ಒಳ್ಳೆ ನೀರು" ಎಂದು ಖತೀಜಮ್ಮ ಬಾಯಿ ಒರೆಸಿಕೊಂಡಳು. "ಬೆಳಿಗ್ಗೆ ಐದಕ್ಕೆ ಬರ್ತೇವೆ. ಸರತಿಗೆ ನಮ್ಮ ಕೊಡಪಾನ ಇಲ್ಲೇ ಇರಲಿ."

ಹಂಚಿಕೊಂಡ ನೀರನ್ನೆಲ್ಲ ಆಸ್ಯಮ್ಮನಿಂದ ಕೇಳಿ ಪಡೆದ ಒಂದು ಬಿಂದಿಗೆಗೆ ಸುರಿದುಕೊಂಡು, ಖಾಲಿಯಾದ ಏಳು ಕೊಡಪಾನಗಳನ್ನು ನಳ್ಳಿಯ ಮುಂದೆ ಸಾಲಾಗಿ ಇಟ್ಟು ಅವರು ಗುಡ್ಡ ಹತ್ತಿದರು. ಆಸ್ಯಮ್ಮ ಆ ಸಾಲನ್ನು ಎಣಿಸಿದಳು. ಆಮೇಲೆ ತನ್ನ ಖಾಲಿ ಕೊಡಪಾನವನ್ನೂ ತಂದು, ತನ್ನದೇ ನಳ್ಳಿಗೆ, ಎಂಟನೆಯದಾಗಿ ಇಟ್ಟಳು.